ಸಮೀಕ್ಷೆಗೆ ದುಡ್ಡು ಕೊಟ್ಟವರು ಯಾರು?

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: “2024ರಲ್ಲಿ ಅಮೆರಿಕದ ಸಮೀಕ್ಷೆಗಳೆಲ್ಲ ‘ಸಮಬಲದ ಹೋರಾಟ’ ಎಂದವು. ಟ್ರಂಪ್ ಪೈಪೋಟಿಯಿದ್ದ ಏಳಕ್ಕೆ ಏಳೂ ರಾಜ್ಯ ಗೆದ್ದರು. ಅಯೋವಾದಲ್ಲಂತೂ ಕಮಲಾ ಹ್ಯಾರಿಸ್ ಮುಂದಿದ್ದಾರೆ ಎಂದು ಬಂದಿತ್ತು. ಇವೆಲ್ಲ ದುಡ್ಡು ಕೊಟ್ಟು ಮಾಡಿಸಿದ್ದಲ್ಲವೇ? ನಾಲ್ಕು ಅಗುಳು ಹಿಸುಕಿ ಹಂಡೆ ಅನ್ನ ಬೆಂದಿದೆ ಎನ್ನುವ ಈ ಆಟವನ್ನು ನೀವಾದರೂ ಯಾಕೆ ಅಚ್ಚು ಹಾಕುತ್ತೀರಿ? ಇನ್ನೊಂದು ಪ್ರಶ್ನೆ. ಅಲ್ಲಿ ಗೆದ್ದವರು ಯಾರೆಂದು ಟಿವಿಯವರೇ ಹೇಳುತ್ತಾರಲ್ಲ, ಚುನಾವಣಾ ಆಯೋಗ ಇಲ್ಲವೇ?”

ಮೇಷ್ಟ್ರೇ, ನಮಸ್ಕಾರ. ಸಹಿಯ ಕೆಳಗೆ ‘ನಿವೃತ್ತ ಗಣಿತ ಶಿಕ್ಷಕ’ ಎಂದು ಬರೆದಿದ್ದೀರಿ. ಹಾಗಾಗಿ ನಾಲ್ಕು ಅಂಕಿ ಜಾಸ್ತಿ ಕೊಟ್ಟರೂ ಬೇಸರ ಮಾಡಿಕೊಳ್ಳಲಾರಿರಿ ಎಂದುಕೊಂಡಿದ್ದೇನೆ.

ದುಡ್ಡು ಕೊಟ್ಟು ಮಾಡಿಸಿದ್ದು ಎಂದಿರಿ. ನಿಜ, ಬಿಟ್ಟಿ ಯಾರು ಮಾಡುತ್ತಾರೆ? ಆದರೆ ಹೆಸರುವಾಸಿ ಸಮೀಕ್ಷೆಗಳಲ್ಲಿ ಎಷ್ಟೋ ಪತ್ರಿಕೆ, ಟಿವಿಯವರೇ ಮಾಡಿಸಿದವು. ನ್ಯೂಯಾರ್ಕ್ ಟೈಮ್ಸ್ ಸಿಯೆನಾ ವಿಶ್ವವಿದ್ಯಾಲಯದ (2024ರಲ್ಲಿ ಅದು ಕಾಲೇಜು) ಜೊತೆ ಸೇರಿ ಮಾಡಿಸುತ್ತದೆ. ಫಾಕ್ಸ್, ಸಿಎನ್‌ಎನ್ ಚಾನೆಲ್‌ಗಳು ತಮ್ಮ ಹೆಸರಲ್ಲೇ ಮಾಡಿಸುತ್ತವೆ. ನೀವು ಹೇಳಿದ ಅಯೋವಾ ಸಮೀಕ್ಷೆ ಕೂಡ ಅಲ್ಲಿನ ಡಿ ಮೊಯ್ನ್ ರಿಜಿಸ್ಟರ್ ಪತ್ರಿಕೆಯದು.

ಅದನ್ನು ಮಾಡಿದವರು ಆನ್ ಸೆಲ್ಜರ್. 2016ರಲ್ಲೂ 2020ರಲ್ಲೂ ಅಯೋವಾದಲ್ಲಿ ಟ್ರಂಪ್ 7 ಅಂಕ (ಶೇಕಡಾ ಲೆಕ್ಕದಲ್ಲಿ) ಮುಂದೆ ಎಂದಿದ್ದರು. ಗೆದ್ದದ್ದು ಸುಮಾರು 9 ಮತ್ತು 8 ಅಂಕಗಳಿಂದ. ಅಷ್ಟು ಹತ್ತಿರ ಹೇಳಿದವರು ಬೇರೆಯವರು ಕಮ್ಮಿ. 2024ರಲ್ಲಿ ಹ್ಯಾರಿಸ್ 47, ಟ್ರಂಪ್ 44 ಎಂದು ಬಂತು. ಬಂದದ್ದನ್ನು ಬಂದ ಹಾಗೆ ಪ್ರಕಟಿಸಿದರು. ಟ್ರಂಪ್ 13 ಅಂಕಗಳಿಂದ ಗೆದ್ದರು. ಮತದಾನಕ್ಕೆ ಮೂರೇ ದಿನ ಇರುವಾಗ, ಅಷ್ಟು ವರ್ಷ ಗಳಿಸಿದ ಹೆಸರನ್ನು ದುಡ್ಡಿಗಾಗಿ ಯಾರಾದರೂ ಹೀಗೆ ನೀರಿಗೆ ಹಾಕುತ್ತಾರಾ? ನನಗಂತೂ ನಂಬಿಕೆಯಿಲ್ಲ. ಆದರೆ ಅದೇ ಹೊತ್ತಿಗೆ ಅಯೋವಾದಲ್ಲಿ ಟ್ರಂಪ್ 10 ಅಂಕ ಮುಂದೆ ಎಂಬ ಎಮರ್ಸನ್ ಕಾಲೇಜಿನ ಸಮೀಕ್ಷೆಯೂ ಬಂದಿತ್ತು. ಅದು ನಿಮಗೆ ಗೊತ್ತೇ ಇರಲಿಕ್ಕಿಲ್ಲ. ಅಚ್ಚರಿಯ ಅಂಕಿ ಸುದ್ದಿಯಾಗುತ್ತದೆ, ಸಪ್ಪೆ ಅಂಕಿ ಮೂಲೆ ಸೇರುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಬೇರೆ ಸುದ್ದಿ ನಡೆಯುವ ತನಕ ಕಾಯಬೇಕು. ಸಮೀಕ್ಷೆಯನ್ನು ಬೇಕೆಂದಾಗ ಹೇಳಿ ಮಾಡಿಸಿಕೊಳ್ಳಬಹುದು. ಅಷ್ಟು ಖರ್ಚು ಮಾಡಿದ ಮೇಲೆ ಮುಖಪುಟಕ್ಕೆ ಹಾಕದೆ ಇರಲು ಯಾವ ಸಂಪಾದಕನಿಗೆ ಮನಸ್ಸು ಬರುತ್ತದೆ ಹೇಳಿ.

ಏಳೂ ರಾಜ್ಯ ಒಂದೇ ಕಡೆ ವಾಲಿದ್ದು ನಿಮಗೆ ಅನುಮಾನ ತಂದಿದೆ. ಸಾವಿರ ಜನರ ಸ್ಯಾಂಪಲ್ ಅಂದರೆ ಒಬ್ಬೊಬ್ಬ ಅಭ್ಯರ್ಥಿಯ ಅಂಕಿಯೂ 3 ಅಂಕ ಆಚೀಚೆ ಆಗಬಹುದು. ಇಬ್ಬರ ನಡುವಿನ ಅಂತರ ಅದರ ಹತ್ತಿರ ಹತ್ತಿರ ಎರಡರಷ್ಟು ಆಚೀಚೆ. ಸಮೀಕ್ಷೆಗಳಲ್ಲಿ ಏಳೂ ಕಡೆ ಅಂತರ ಕೂದಲೆಳೆಯಷ್ಟಿತ್ತು. ಒಂದೇ ಬಗೆಯ ಮತದಾರರು ಎಲ್ಲ ಕಡೆಯೂ ಸಮೀಕ್ಷೆಗೆ ಸಿಗದೆ ಹೋದರೆ ತಪ್ಪೂ ಎಲ್ಲ ಕಡೆ ಒಂದೇ ದಿಕ್ಕಿಗೆ ಆಗುತ್ತದೆ. ದೇಶದ ಒಟ್ಟು ಮತದಲ್ಲಿ ಟ್ರಂಪ್ ಗೆದ್ದದ್ದು ಬರೀ ಒಂದೂವರೆ ಅಂಕದಿಂದ. ‘ಸಮಬಲ’ ಎಂದದ್ದು ಅಷ್ಟೇನೂ ಸುಳ್ಳಲ್ಲ.

ಇನ್ನು ನಿಮ್ಮ ಅಗುಳಿನ ಮಾತು. ಅನ್ನ ಒಂದೇ ಹದಕ್ಕೆ ಬೆಂದಿದ್ದರೆ ನಾಲ್ಕು ಅಗುಳು ಸಾಕು, ಅದರಲ್ಲಿ ತಪ್ಪಿಲ್ಲ. ಅಮೆರಿಕದ ತಾಪತ್ರಯ ಬೇರೆ. ಅಲ್ಲಿ ಅಗುಳು ಸೌಟಿಗೇ ಬರುತ್ತಿಲ್ಲ. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಪ್ಯೂ ರಿಸರ್ಚ್ ಸೆಂಟರ್ 1997ರಲ್ಲಿ ಫೋನ್ ಮಾಡಿದಾಗ ನೂರಕ್ಕೆ 36 ಮಂದಿ ಉತ್ತರ ಕೊಡುತ್ತಿದ್ದರು. 2018ಕ್ಕೆ ಅದು 6ಕ್ಕೆ ಇಳಿಯಿತು. ಸಿಕ್ಕ ಆರು ಮಂದಿಯಲ್ಲಿ ಹೆಚ್ಚು ಓದಿದವರು, ವಯಸ್ಸಾದವರು ಜಾಸ್ತಿ. ಜನಗಣತಿಗೆ ಹೊಂದಿಸಲು, ಕಡಿಮೆ ಸಿಕ್ಕವರ ಮಾತಿಗೆ ಹೆಚ್ಚು ತೂಕ ಕೊಡುತ್ತಾರೆ. 2016ರಲ್ಲಿ ಹಲವು ರಾಜ್ಯಗಳ ಸಮೀಕ್ಷೆಗಳು ಓದಿನ ಲೆಕ್ಕ ಹಿಡಿಯದೆ ಕೆಟ್ಟವು.

ಈ ತೂಕದ ಆಟ ಎಲ್ಲಿಗೆ ಹೋಗುತ್ತದೆ ನೋಡಿ. ಅದೇ 2016ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಸುಮಾರು 3,000 ಮಂದಿಯ ಗುಂಪನ್ನು ಮತ್ತೆ ಮತ್ತೆ ಕೇಳುವ ಸಮೀಕ್ಷೆ ನಡೆಸಿದವು. ಅದರಲ್ಲಿ ಇಲಿನಾಯ್‌ನ 19 ವರ್ಷದ ಕಪ್ಪು ಹುಡುಗನೊಬ್ಬನಿದ್ದ. ಅಂಥವರು ಕಡಿಮೆ ಸಿಕ್ಕಿದ್ದರಿಂದ ಅವನ ಮಾತಿಗೆ ಸರಾಸರಿಯವರ 30 ಪಟ್ಟು ತೂಕ ಬಂತು. ಅವನೋ ಟ್ರಂಪ್ ಪರ. ಅವನೊಬ್ಬನಿಂದಲೇ ಇಡೀ ದೇಶದ ಅಂಕಿ ಒಂದು ಅಂಕದಷ್ಟು ಅಲುಗಾಡುತ್ತಿತ್ತು. ಒಮ್ಮೆ ಅವನು ಉತ್ತರ ಕೊಡದೆ ಸುಮ್ನಿದ್ದ. ಎಷ್ಟೋ ದಿನದ ಮೇಲೆ ಹಿಲರಿ ಕ್ಲಿಂಟನ್ ಮುಂದೆ ಬಂದರು! ಇದನ್ನು ಬಯಲಿಗೆ ತಂದದ್ದೂ ಒಂದು ಪತ್ರಿಕೆಯೇ, ನ್ಯೂಯಾರ್ಕ್ ಟೈಮ್ಸ್. ಅದೇ ಪತ್ರಿಕೆ ಫ್ಲೋರಿಡಾದಲ್ಲಿ ತಾನು ಕೇಳಿ ತಂದ 867 ಮಂದಿಯ ಉತ್ತರಗಳನ್ನು ಬೇರೆ ನಾಲ್ಕು ಕಡೆ ಕೊಟ್ಟು ಲೆಕ್ಕ ಹಾಕಿ ಎಂದಿತು. ಒಬ್ಬರ ಲೆಕ್ಕದಲ್ಲಿ ಕ್ಲಿಂಟನ್ 4 ಅಂಕ ಮುಂದೆ, ಇನ್ನೊಬ್ಬರ ಲೆಕ್ಕದಲ್ಲಿ ಟ್ರಂಪ್ 1 ಅಂಕ ಮುಂದೆ. ಉತ್ತರ ಕೊಟ್ಟವರು ಅವರೇ, ಕೊಟ್ಟ ಉತ್ತರವೂ ಅದೇ. ಯಾರೂ ಮೋಸ ಮಾಡಲಿಲ್ಲ.

ಇಷ್ಟು ಅಲುಗಾಡುವ ಅಂಕಿಯನ್ನು ಟಿವಿಯವರು ಬಾಗಿಲು ಕಾಯಲು ಹಚ್ಚುತ್ತಾರೆ. 2015ರ ಆಗಸ್ಟ್‌ನಲ್ಲಿ ಕ್ಲೀವ್‌ಲೆಂಡ್‌ನಲ್ಲಿ ರಿಪಬ್ಲಿಕನ್ ಪಕ್ಷದ ಮೊದಲ ಡಿಬೇಟ್. ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್ ಬಯಸಿದವರು 17. ಐದು ಸಮೀಕ್ಷೆಗಳ ಸರಾಸರಿಯಲ್ಲಿ ಮೊದಲ ಹತ್ತರಲ್ಲಿರುವವರಿಗೆ ಮಾತ್ರ ರಾತ್ರಿಯ ಮುಖ್ಯ ವೇದಿಕೆ ಎಂದಿತು ಫಾಕ್ಸ್. 14 ವರ್ಷ ಟೆಕ್ಸಾಸ್ ಗವರ್ನರ್ ಆಗಿದ್ದ ರಿಕ್ ಪೆರಿ ಹನ್ನೊಂದನೆಯವರಾದರು. ಅವರಿಗೂ ಹತ್ತನೆಯವರಿಗೂ ಇದ್ದ ಅಂತರ 2 ಅಂಕವೂ ಇರಲಿಲ್ಲ. ಸಂಜೆ ಐದರ ಉಳಿದವರ ಡಿಬೇಟಿನಲ್ಲಿ ಕೂರಿಸಿದರು, ಮುಂದಿನ ತಿಂಗಳು ಕಣದಿಂದಲೇ ಹೊರಬಿದ್ದರು. ಮುಖ್ಯ ವೇದಿಕೆಯ ನಟ್ಟನಡುವೆ ನಿಂತದ್ದು ಟ್ರಂಪ್. ಟಿವಿಯಲ್ಲಿ ಜಾಸ್ತಿ ಕಂಡದ್ದಕ್ಕೆ ಸಮೀಕ್ಷೆಯಲ್ಲಿ ಮುಂದೆ, ಸಮೀಕ್ಷೆಯಲ್ಲಿ ಮುಂದಿದ್ದುದಕ್ಕೆ ಟಿವಿಯಲ್ಲಿ ಇನ್ನೂ ಜಾಸ್ತಿ. ಇದನ್ನು ಜನಾಭಿಪ್ರಾಯ ಎಂದು ಹೇಗೆ ಕರೆಯೋಣ?

ಅಂದಮೇಲೆ ನಾವ್ಯಾಕೆ ಹಾಕುತ್ತೇವೆ? ಸಮೀಕ್ಷೆ ಇಲ್ಲದಿದ್ದರೆ ಜನ ಏನಂದುಕೊಂಡಿದ್ದಾರೆ ಎಂದು ಪಕ್ಷದ ವಕ್ತಾರರು ಹೇಳುತ್ತಾರೆ. ಅದಕ್ಕಿಂತ ಇದು ವಾಸಿ. ಮಾಡಿಸಿದವರು ಯಾರು, ಯಾವಾಗ, ಎಷ್ಟು ಮಂದಿಯನ್ನು ಕೇಳಿದರು ಎಂಬುದು ಅಂಕಿಯ ಪಕ್ಕದಲ್ಲೇ ಇರಬೇಕು ಅಷ್ಟೇ.

ಎರಡನೇ ಪ್ರಶ್ನೆ. ನಮ್ಮ ಹಾಗೆ ಚುನಾವಣೆ ನಡೆಸಿ ಫಲಿತಾಂಶ ಹೇಳುವ ಆಯೋಗ ಅಲ್ಲಿಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಒಂದಿದೆ, ಅದು ಪ್ರಚಾರದ ದುಡ್ಡಿನ ಲೆಕ್ಕ ನೋಡುತ್ತದೆ. ಎಣಿಕೆ ಆಯಾ ರಾಜ್ಯದ್ದು, ಕೌಂಟಿಯದ್ದು (ನಮ್ಮ ಜಿಲ್ಲೆಯ ಹಾಗೆ). ಎಲ್ಲ ಅಧಿಕೃತವಾಗುವ ಹೊತ್ತಿಗೆ ವಾರಗಳೇ ಹಿಡಿಯುತ್ತವೆ. ಆ ಖಾಲಿ ಜಾಗದಲ್ಲಿ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ 1848ರಿಂದ ಕೂತಿದೆ, ಆಮೇಲೆ ಟಿವಿಯವರೂ ಬಂದರು. ಎಲ್ಲ ಮತ ಎಣಿಸುವ ಮೊದಲೇ, ಹಿಂದಿದ್ದವರು ಇನ್ನು ಮೇಲೆ ಬರಲಾರರು ಎಂದು ಖಾತ್ರಿಯಾದಾಗ ‘ಗೆದ್ದರು’ ಎನ್ನುತ್ತಾರೆ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾವನ್ನು ಒಂದೇ ರಾತ್ರಿಯಲ್ಲಿ ಮೊದಲು ಗೋರ್‌ಗೆ, ಆಮೇಲೆ ಬುಷ್‌ಗೆ ಕೊಟ್ಟು, ಎರಡನ್ನೂ ವಾಪಸ್ ಪಡೆದರು. ಕೊನೆಗೆ ಬುಷ್ 537 ಮತಗಳಿಂದ ಗೆದ್ದರು.

2020ರಲ್ಲಿ ಅರಿಜೋನಾ ಬೈಡನ್‌ಗೆ ಎಂದು ಮೊದಲು ಹೇಳಿದ್ದು ಫಾಕ್ಸ್, ಮತದಾನದ ರಾತ್ರಿಯೇ. ಅವಸರವಾಯಿತು ಎಂದವರು ಲೆಕ್ಕ ಬಲ್ಲವರಲ್ಲೂ ಇದ್ದರು. ಟ್ರಂಪ್ ಕೆಂಡವಾದರು. ಫಾಕ್ಸ್ ನೋಡುಗರೂ ಸಿಟ್ಟಾದರು, ಒಂದಷ್ಟು ಮಂದಿ ಬೇರೆ ಚಾನೆಲ್‌ಗೆ ಹೋದರು. ಬೈಡನ್ ಅಲ್ಲಿ 10,457 ಮತಗಳಿಂದ ಗೆದ್ದರು. ಆ ಘೋಷಣೆಯನ್ನು ಚಾನೆಲ್‌ನಲ್ಲೇ ಸಮರ್ಥಿಸಿಕೊಂಡಿದ್ದ ರಾಜಕೀಯ ಸಂಪಾದಕ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಸಿಬ್ಬಂದಿಯ ಮರುಜೋಡಣೆ ಎಂದಿತು ಫಾಕ್ಸ್.