ಲೆಕ್ಕದ ಜಗಲಿ: ಮೊದಲು ವರ್ಗ ನೋಡಿ, ಆಮೇಲೆ ಪೆನ್ನು ಹಿಡಿಯಿರಿ

ಅಡಿಕೆ ಕೊಯ್ಲಿನ ಹೊತ್ತಿಗೆ ನನಗೆ ಎರಡು ಬಗೆಯ ಪತ್ರ ಜಾಸ್ತಿ ಬರುತ್ತವೆ. ಒಂದು ಗುಂಟೆ, ಎಕರೆಯ ಲೆಕ್ಕ. ಇನ್ನೊಂದು ಪ್ರಥಮ ಪಿಯುಸಿ ಮಕ್ಕಳ ಕಾನಿಕ್ ಸೆಕ್ಷನ್, ಅಂದರೆ ಶಂಕುವನ್ನು ಕತ್ತರಿಸಿದಾಗ ಸಿಗುವ ಗೆರೆಗಳ ಪಾಠ. ಈ ಸಲ ಎರಡನೆಯದರದ್ದೇ ಮೇಲುಗೈ. ತೀರ್ಥಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗಿನಿಂದ ಇದು ನನ್ನ ಇಷ್ಟದ ಪಾಠ. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ. ಕನ್ನಡ ಪುಸ್ತಕಗಳಲ್ಲಿ ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯ ಅಂತಿರುತ್ತದೆ. ಮಕ್ಕಳಿಗೆ ಕಾಲೇಜಿನಲ್ಲಿ ಕಿವಿಗೆ ಬೀಳುವುದು ಸರ್ಕಲ್, ಎಲಿಪ್ಸ್, ಪ್ಯಾರಾಬೋಲ, ಹೈಪರ್ಬೋಲ. ನಾನೂ ಅದನ್ನೇ ಬಳಸುತ್ತೇನೆ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಪ್ರಥಮ ಪಿಯುಸಿ, ಸೈನ್ಸ್. ಮೊನ್ನೆ ಸರ್ ಬೋರ್ಡಿನ ಮೇಲೆ 4ಎಕ್ಸ್² + 9ವೈ² − 16ಎಕ್ಸ್ + 18ವೈ − 11 = 0 ಎಂದು ಬರೆದರು. ನಾನು ಬರೆದುಕೊಂಡು ಮುಗಿಸುವ ಮೊದಲೇ ಮುಂದಿನ ಬೆಂಚಿನವರು ‘ಎಲಿಪ್ಸ್’ ಅಂದುಬಿಟ್ಟರು. ಸ್ಟ್ಯಾಂಡರ್ಡ್ ಫಾರ್ಮ್ (ಎಕ್ಸ್²/9 + ವೈ²/4 = 1 ಥರದ್ದು) ಎಲ್ಲ ನನಗೆ ಬಾಯಿಪಾಠ ಇದೆ. ಆದರೆ ಹೀಗೆ ಉದ್ದಕ್ಕೆ ಬಂದರೆ ತಲೆಬುಡ ತಿಳಿಯುವುದಿಲ್ಲ. ಅವರಿಗೆ ಹೇಗೆ ಗೊತ್ತಾಗುತ್ತದೆ ಸರ್?
— ವಿದ್ಯಾರ್ಥಿನಿ, ಹೊಸನಗರ

ಉತ್ತರ: ನೋಡಮ್ಮಾ, ಅವರು ಸಮೀಕರಣವನ್ನು ಪೂರ್ತಿ ಓದಿಯೇ ಇಲ್ಲ. ಮೊದಲ ಎರಡು ಪದ ನೋಡಿ ಬಾಯಿ ಬಿಟ್ಟಿದ್ದಾರೆ, ಅಷ್ಟೇ. ನೀನೂ ಹಾಗೇ ಮಾಡು. −16ಎಕ್ಸ್‌ನಿಂದ ಆಚೆಗಿರುವುದನ್ನೆಲ್ಲ ಅಂಗೈಯಿಂದ ಮುಚ್ಚು. ಈಗ ಕಾಣುವುದು 4ಎಕ್ಸ್² + 9ವೈ² ಮಾತ್ರ. ಎರಡೂ ವರ್ಗ ಇವೆಯಾ? ಇವೆ. ಚಿಹ್ನೆ ಒಂದೇನಾ? ಹೌದು, ಎರಡೂ ಪ್ಲಸ್. ಸಂಖ್ಯೆ ಒಂದೇನಾ? ಅಲ್ಲ, ಒಂದು 4, ಇನ್ನೊಂದು 9. ಹಾಗಾದರೆ ಎಲಿಪ್ಸ್. ಸಂಖ್ಯೆಯೂ ಒಂದೇ ಆಗಿದ್ದರೆ ಸರ್ಕಲ್. ಒಂದು ಪ್ಲಸ್, ಇನ್ನೊಂದು ಮೈನಸ್ ಆಗಿದ್ದರೆ ಹೈಪರ್ಬೋಲ. ಒಂದೇ ಒಂದು ವರ್ಗ ಇದ್ದು ಇನ್ನೊಂದು ನಾಪತ್ತೆಯಾಗಿದ್ದರೆ ಪ್ಯಾರಾಬೋಲ.

ನೋಡುವ ಮೊದಲು ಎಲ್ಲವನ್ನೂ ಒಂದೇ ಬದಿಗೆ ತರಬೇಕು, ಇದನ್ನು ಮರೆಯಬೇಡ. 9ವೈ² = 36 − 4ಎಕ್ಸ್² ಅಂತ ಕೊಟ್ಟರೆ ಮೈನಸ್ ನೋಡಿ ‘ಹೈಪರ್ಬೋಲ’ ಅನ್ನುವವರೇ ಜಾಸ್ತಿ. ಈಚೆ ತಂದರೆ ಅದು 4ಎಕ್ಸ್² + 9ವೈ² − 36 = 0. ಅಪ್ಪಟ ಎಲಿಪ್ಸ್.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಒಂದು ಬಾಯಿಪಾಠವೇ ಆಗುತ್ತದೆ. ಮುಚ್ಚಿಟ್ಟ ಪದಗಳು ಯಾಕೆ ಲೆಕ್ಕಕ್ಕಿಲ್ಲ ಅಂತ ಕೇಳಿಕೋ. ಎಕ್ಸ್‌ಗೆ 1000 ಹಾಕಿ ನೋಡು. 4ಎಕ್ಸ್² ಆಗುವುದು 40 ಲಕ್ಷ. 16ಎಕ್ಸ್ ಬರೀ 16 ಸಾವಿರ. ದೂರ ಹೋದಷ್ಟೂ ವರ್ಗದ್ದೇ ದರ್ಬಾರು. ಎರಡು ವರ್ಗಗಳೂ ಪ್ಲಸ್ ಆಗಿದ್ದರೆ ದೂರದಲ್ಲಿ ಎಡಗಡೆಯ ಮೊತ್ತ ಸಿಕ್ಕಾಪಟ್ಟೆ ದೊಡ್ಡದಾಗುತ್ತದೆ. ಅದನ್ನು ಸೊನ್ನೆಗೆ ಇಳಿಸುವ ತಾಕತ್ತು ಮಿಕ್ಕ ಪದಗಳಿಗಿಲ್ಲ. ಹಾಗಾಗಿ ಗೆರೆ ದೂರ ಹೋಗುವಂತೆಯೇ ಇಲ್ಲ, ಸುತ್ತಿ ಬಂದು ಮುಚ್ಚಿಕೊಳ್ಳಬೇಕು. ಅದೇ ಸರ್ಕಲ್, ಎಲಿಪ್ಸ್. ಒಂದು ಪ್ಲಸ್, ಒಂದು ಮೈನಸ್ ಆದರೆ ಎರಡು ದೊಡ್ಡ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಗೆರೆ ಎಷ್ಟು ದೂರ ಬೇಕಾದರೂ ಓಡಬಹುದು. ಅದು ಹೈಪರ್ಬೋಲ. ವೈ² ಒಂದೇ ಇದ್ದು ಜೊತೆಗೆ ಬರೀ ಎಕ್ಸ್ ಇದ್ದರೆ, ವೈ ಹತ್ತು ಪಟ್ಟಾದಾಗ ಎಕ್ಸ್ ಸುಮಾರು ನೂರು ಪಟ್ಟಾಗಿ ಸರಿದೂಗಿಸಬೇಕು. ಪ್ಯಾರಾಬೋಲ ಒಂದು ಕಡೆ ಬಾಯಿ ತೆರೆದು ಹಾಗೇ ಸಾಗುವುದು ಇದಕ್ಕೇ.

ಹೆಸರು ಹೇಳಿಯಾಯಿತು. ಎಲ್ಲಿದೆ, ಎಷ್ಟು ದೊಡ್ಡದು ಅನ್ನುವುದಕ್ಕೆ ಈಗ ಪೆನ್ನು ಹಿಡಿ. ವರ್ಗ ಪೂರ್ಣಗೊಳಿಸುವ ವಿಧಾನವೇ ಸಾಕು. 4(ಎಕ್ಸ್² − 4ಎಕ್ಸ್) + 9(ವೈ² + 2ವೈ) = 11. ಮೊದಲ ಕಂಸದೊಳಗೆ 4 ಬೇಕು, ಎರಡನೆಯದರೊಳಗೆ 1. ಇಲ್ಲಿ ಕೈ ತಪ್ಪುವ ಹುಡುಗರು ಬಹಳ. ಕಂಸದೊಳಗೆ 1 ಸೇರಿಸಿದರೆ ಹೊರಗೆ ಕೂತಿರುವ 9ರಿಂದಾಗಿ ನಿಜವಾಗಿ ಸೇರಿದ್ದು 9. ಹಾಗೇ ಮೊದಲನೆಯದರಲ್ಲಿ ಸೇರಿದ್ದು 16. ಬಲಗಡೆ 11 + 16 + 9 = 36. ಅಂದರೆ 4(ಎಕ್ಸ್ − 2)² + 9(ವೈ + 1)² = 36. 36ರಿಂದ ಭಾಗಿಸಿದರೆ (ಎಕ್ಸ್ − 2)²/9 + (ವೈ + 1)²/4 = 1. ಕೇಂದ್ರ (2, −1). ಅಡ್ಡಕ್ಕೆ ಆಚೆ ಈಚೆ 3, ಮೇಲೆ ಕೆಳಗೆ 2. ನಿನ್ನ ಸ್ಟ್ಯಾಂಡರ್ಡ್ ಫಾರ್ಮೇ ಇದು, ಜಾಗ ಬದಲಿಸಿ ಕೂತಿದೆ.

ಪೆನ್ನು ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಕೊನೆಯ −11ರ ಜಾಗದಲ್ಲಿ 25 ಹಾಕು. ಬಲಗಡೆ 36 ಹೋಗಿ ಸೊನ್ನೆ ಬರುತ್ತದೆ. ಆಗ ಎಲಿಪ್ಸ್ ಕುಗ್ಗಿ (2, −1) ಎಂಬ ಒಂದೇ ಚುಕ್ಕಿ ಉಳಿಯುತ್ತದೆ. 30 ಹಾಕಿದರೆ ಬಲಗಡೆ −5. ಎರಡು ವರ್ಗ ಕೂಡಿ ಮೈನಸ್ ಬರುವುದುಂಟೇ? ಹಾಳೆಯ ಮೇಲೆ ಏನೂ ಇಲ್ಲ. ಬೇರೆಯವಕ್ಕೂ ಇಂಥ ಪಾಡು ಇದೆ: ಎಕ್ಸ್² − ವೈ² = 0 ಹೈಪರ್ಬೋಲ ಅಲ್ಲ, ಒಂದನ್ನೊಂದು ಕತ್ತರಿಸುವ ಎರಡು ಸರಳರೇಖೆ. ಎಕ್ಸ್² − 4 = 0 ಪ್ಯಾರಾಬೋಲ ಅಲ್ಲ, ಎರಡು ಸಮಾಂತರ ರೇಖೆ. ವರ್ಗದ ಪದಗಳು ಹೇಳುವುದು ಜಾತಿ ಮಾತ್ರ. ಗೆರೆ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದು ಬಿಡಿಸಿದ ಮೇಲೆಯೇ ಗೊತ್ತಾಗುವುದು.

ಪ್ರಶ್ನೆ: ಎಕ್ಸ್‌ವೈ = 1 ಎಂಬುದರಲ್ಲಿ ಒಂದೂ ವರ್ಗ ಇಲ್ಲ. ಆದರೂ ಅದು ಹೈಪರ್ಬೋಲ ಅಂತಾನೆ ನನ್ನ ರೂಮ್‌ಮೇಟ್. ಸುಮ್ನೆ ಹೇಳ್ತಿದ್ದಾನಾ?
— ಬಿ.ಎಸ್‌ಸಿ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇಲ್ಲ ಮಾರಾಯ, ಅವನು ಹೇಳಿದ್ದು ಸರಿ. ವರ್ಗಗಳು ಒಳಗೆ ಅಡಗಿ ಕೂತಿವೆ. ಎಕ್ಸ್ + ವೈ ಎಂಬುದನ್ನು ಯು ಅನ್ನು, ಎಕ್ಸ್ − ವೈ ಎಂಬುದನ್ನು ವಿ ಅನ್ನು. ಆಗ ಎಕ್ಸ್‌ವೈ ಎಂದರೆ (ಯು² − ವಿ²)/4. ಒಂದು ಪ್ಲಸ್, ಒಂದು ಮೈನಸ್ ಬಂತಲ್ವಾ? ಹೈಪರ್ಬೋಲ 45 ಡಿಗ್ರಿ ತಿರುಗಿ ನಿಂತಿದೆ, ಅಷ್ಟೇ.

ಎಕ್ಸ್‌ವೈ ಪದ ಇದ್ದಾಗಲೆಲ್ಲ ಹೀಗೆ ತಿರುಗಿಸುತ್ತಾ ಕೂರಬೇಕಿಲ್ಲ. ಎಕ್ಸ್², ಎಕ್ಸ್‌ವೈ, ವೈ² ಇವುಗಳ ಸಹಗುಣಕ (ಮುಂದಿರುವ ಸಂಖ್ಯೆ) ಕ್ರಮವಾಗಿ ಎ, ಬಿ, ಸಿ ಆಗಿರಲಿ. ಬಿ² − 4 × ಎ × ಸಿ ಎಷ್ಟು ನೋಡು. ಹತ್ತನೇ ತರಗತಿಯ ಶೋಧಕದ ಹಾಗೇ ಇದೆ. ಮೈನಸ್ ಬಂದರೆ ಎಲಿಪ್ಸ್ ಜಾತಿ, ಸೊನ್ನೆ ಬಂದರೆ ಪ್ಯಾರಾಬೋಲ, ಪ್ಲಸ್ ಬಂದರೆ ಹೈಪರ್ಬೋಲ. ಎಕ್ಸ್² + ಎಕ್ಸ್‌ವೈ + ವೈ² = 3 ತಗೋ: 1 − 4 = −3, ಎಲಿಪ್ಸ್. ನಡುವಿನ 1ನ್ನು 4 ಮಾಡು: 16 − 4 = 12, ಹೈಪರ್ಬೋಲ! ಎರಡೂ ವರ್ಗ ಪ್ಲಸ್ ಇದ್ದೂ ಹೀಗಾಯಿತು ನೋಡು. ಪ್ರಶ್ನೆಪತ್ರಿಕೆ ಮಾಡುವವರಿಗೆ ಇಂಥದ್ದು ಬಲು ಇಷ್ಟ.

ಇದೇ ಗೆರೆ ತೋಟದಲ್ಲೂ ಸಿಗುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560. ಆಯತಾಕಾರದ ಒಂದು ಎಕರೆ ಜಾಗದ ಅಗಲ 66 ಅಡಿ ಇದ್ದರೆ ಉದ್ದ 660. ಅಗಲ 132 ಆದರೆ ಉದ್ದ 330. 220 ಆದರೆ 198. ಈ ಜೋಡಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿ ಸೇರಿಸು. ಎಕ್ಸ್‌ವೈ = 43,560. ಗೆರೆ ಎರಡೂ ಅಕ್ಷಗಳ ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದೇ ಇಲ್ಲ. ಅಗಲ ಸೊನ್ನೆಯ ತೋಟ ಯಾರ ಪಹಣಿಯಲ್ಲೂ ಇರಲಾರದು.

ಪ್ರಶ್ನೆ: ಗಿರಾಕಿಯೊಬ್ಬರು ಹಲಸಿನ ಮರದಲ್ಲಿ ಊಟದ ಟೇಬಲ್ ಕೇಳಿದ್ದಾರೆ. 6 ಅಡಿ ಉದ್ದ, 4 ಅಡಿ ಅಗಲ, ಮೊಟ್ಟೆ ಆಕಾರ. ಕಣ್ಣಂದಾಜಿನಲ್ಲಿ ಬರೆದರೆ ಒಂದು ಬದಿ ಉಬ್ಬುತ್ತದೆ. ಲೆಕ್ಕದ ದಾರಿ ಇದೆಯಾ?
— ಮರಗೆಲಸದವರು, ಸಾಗರ

ಉತ್ತರ: ಇದೆ ಆಚಾರ್ರೇ. ಆದರೆ ಮೊಟ್ಟೆಗೆ ಒಂದು ತುದಿ ಚೂಪು, ಒಂದು ತುದಿ ಮೊಂಡು. ನಿಮ್ಮ ಗಿರಾಕಿಗೆ ಬೇಕಾಗಿರುವುದು ಎರಡೂ ತುದಿ ಒಂದೇ ಥರ ಇರುವ ಎಲಿಪ್ಸ್ ಇರಬೇಕು, ಒಮ್ಮೆ ಕೇಳಿಬಿಡಿ.

ಹಲಗೆಯ ಕೆಳಬದಿ ಮೇಲೆ ಮಾಡಿ, ಮೊಳೆಯ ತೂತು ಊಟಕ್ಕೆ ಕೂತವರಿಗೆ ಕಾಣುವುದು ಬೇಡ. 6 ಅಡಿಯ ಗೆರೆ ಎಳೆಯಿರಿ. ಅದರ ಮಧ್ಯದಲ್ಲಿ ಮೂಲೆಮಟ್ಟ ಇಟ್ಟು 4 ಅಡಿಯ ಅಡ್ಡಗೆರೆ, ಆಚೆ 2, ಈಚೆ 2. ಈಗ ಸರಿಯಾಗಿ 3 ಅಡಿಯ ಒಂದು ಪಟ್ಟಿ ತಗೊಳ್ಳಿ. ಒಂದು ತುದಿಯನ್ನು ಅಡ್ಡಗೆರೆಯ ಕೊನೆಯಲ್ಲಿಟ್ಟು ಇನ್ನೊಂದು ತುದಿಯನ್ನು ಉದ್ದಗೆರೆಗೆ ತಾಗಿಸಿ. ತಾಗಿದಲ್ಲಿ ಮೊಳೆ. ಹಾಗೇ ಇನ್ನೊಂದು ಪಕ್ಕಕ್ಕೂ. ಮಧ್ಯದಿಂದ ಮೊಳೆಗೆ 2 ಅಡಿ 2 ಮುಕ್ಕಾಲು ಇಂಚಿಗಿಂತ ಕೂದಲೆಳೆಯಷ್ಟು ಜಾಸ್ತಿ ಬರಬೇಕು. ಹಿಗ್ಗದ ಹುರಿಯನ್ನು ಎರಡೂ ಮೊಳೆಗೆ ಕಟ್ಟಿ. ಗಂಟು ಬಿಟ್ಟು ನಡುವೆ ಸರಿಯಾಗಿ 6 ಅಡಿ ಇರಬೇಕು. ಪೆನ್ಸಿಲಿನಿಂದ ಹುರಿ ಬಿಗಿಹಿಡಿದು ಒಂದು ಬದಿ ಎಳೆಯಿರಿ, ಹುರಿ ದಾಟಿಸಿ ಇನ್ನೊಂದು ಬದಿ. ಉಬ್ಬುವ ಮಾತೇ ಇಲ್ಲ.

ನಿಮ್ಮ ಟೇಬಲಿನ ಸಮೀಕರಣ ಎಕ್ಸ್²/9 + ವೈ²/4 = 1. ಮೇಲೆ ಹೊಸನಗರದ ಹುಡುಗಿ ಕಳಿಸಿದ್ದಾಳಲ್ಲ, ಅದೇ ಎಲಿಪ್ಸ್ ಇದು, ಕೂದಲಷ್ಟೂ ವ್ಯತ್ಯಾಸವಿಲ್ಲ. ಅವಳದ್ದು ಕೋಣೆಯ ಮೂಲೆಗೆ ಸರಿಸಿಟ್ಟ ಟೇಬಲ್, ನಿಮ್ಮದು ನಡುಮಧ್ಯದಲ್ಲಿಟ್ಟದ್ದು.

ಪ್ರಶ್ನೆ: ಮೊಮ್ಮಗ ‘ಕಾನಿಕ್’ ಅಂತಾನೆ. ಅವನ ಪುಸ್ತಕದ ತುಂಬ ಎಕ್ಸ್, ವೈ. ಶಂಕು ಎಲ್ಲಿದೆ?
— ನಿವೃತ್ತ ಅಂಚೆ ನೌಕರರು, ಆಗುಂಬೆ

ಉತ್ತರ: ನಿಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟಿಗಿಂತ ಟಾರ್ಚೇ ಹೆಚ್ಚು ನಂಬಿಕಸ್ಥ. ಅದನ್ನೇ ತನ್ನಿ. ಟಾರ್ಚಿನ ಬೆಳಕು ಶಂಕು, ಗೋಡೆ ಅದನ್ನು ಕತ್ತರಿಸುವ ಚಾಕು. ಗೋಡೆಗೆ ನೇರ ಹಿಡಿದರೆ ಸರ್ಕಲ್. ಸ್ವಲ್ಪ ಓರೆ ಮಾಡಿ, ಎಲಿಪ್ಸ್. ಇನ್ನೂ ಓರೆ ಮಾಡುತ್ತಾ ಹೋದರೆ ಬೆಳಕಿನ ಮೇಲಂಚಿನ ಕಿರಣ ಗೋಡೆಗೆ ಸಮಾಂತರವಾಗುವ ಒಂದು ಗಳಿಗೆ ಬರುತ್ತದೆ. ಅದು ಪ್ಯಾರಾಬೋಲ. ಅಲ್ಲಿಂದ ಮುಂದೆ, ಟಾರ್ಚನ್ನು ಗೋಡೆಗುಂಟ ಮೇಲ್ಮುಖವಾಗಿ ಹಿಡಿಯುವ ತನಕ, ಹೈಪರ್ಬೋಲದ ಒಂದು ತುಂಡು.

ಗ್ರೀಕರ ಕಾಲದಲ್ಲಿ ಎಕ್ಸ್, ವೈ ಇರಲೇ ಇಲ್ಲ. ಕ್ರಿಸ್ತಪೂರ್ವ 200ರ ಆಸುಪಾಸಿನಲ್ಲಿ ಅಪೊಲೋನಿಯಸ್ ಶಂಕು ಕತ್ತರಿಸುವುದರ ಮೇಲೆಯೇ 8 ಸಂಪುಟ ಬರೆದ. 4 ಗ್ರೀಕ್‌ನಲ್ಲಿ ಉಳಿದಿವೆ, 3 ಅರೇಬಿಕ್ ಅನುವಾದದಲ್ಲಿ ಸಿಕ್ಕಿವೆ, ಒಂದು ಕಳೆದೇಹೋಗಿದೆ. ಗೆರೆಯನ್ನು ಸಮೀಕರಣವಾಗಿ ಬರೆಯುವುದು ಶುರುವಾದದ್ದು 1630ರ ದಶಕದಲ್ಲಿ, ಡೆಕಾರ್ಟ್ ಮತ್ತು ಫರ್ಮಾ ಅವರಿಂದ. ಅದಕ್ಕೂ ಮೊದಲೇ, 1609ರಲ್ಲಿ, ಮಂಗಳ ಗ್ರಹದ ದಾರಿ ಎಲಿಪ್ಸ್ ಎಂದು ಕೆಪ್ಲರ್ ಬರೆದಾಗಿತ್ತು. ಮೊಮ್ಮಗನಿಗೆ ಮೊದಲು ಟಾರ್ಚ್ ತೋರಿಸಿ, ಆಮೇಲೆ ಪುಸ್ತಕ.

ಪ್ರಶ್ನೆ: ಜೋಗದ ರಾಕೆಟ್ ಧಾರೆ ಪ್ಯಾರಾಬೋಲ ಹೌದೋ ಅಲ್ಲವೋ?
— ಓದುಗರು, ತಾಳಗುಪ್ಪ

ಉತ್ತರ: ಬಂಡೆ ಬಿಟ್ಟು ಚಿಮ್ಮಿದ ಮೊದಲ ಸ್ವಲ್ಪ ದೂರ, ಹೆಚ್ಚುಕಮ್ಮಿ ಹೌದು. ಮುಂದಕ್ಕೆ ಹೋಗುವ ದೂರ ಹೊತ್ತಿನ ಲೆಕ್ಕದಲ್ಲಿ ಬೆಳೆಯುತ್ತದೆ, ಕೆಳಗೆ ಬೀಳುವ ದೂರ ಹೊತ್ತಿನ ವರ್ಗದ ಲೆಕ್ಕದಲ್ಲಿ. ಒಂದೇ ವರ್ಗ ಬಂತು, ಪ್ಯಾರಾಬೋಲ. ಆದರೆ 253 ಮೀಟರ್ ಪೂರ್ತಿ ಹಾಗೇ ಬೀಳಲು ಗಾಳಿ ಬಿಡಬೇಕಲ್ಲ! ಅರ್ಧ ದಾರಿಯಲ್ಲೇ ನೀರು ಹುಡಿಯಾಗಿ ಹಾರುತ್ತದೆ.

ಪ್ರಶ್ನೆ: ಮಗಳು ಸಿಇಟಿಗೆ ಓದುತ್ತಿದ್ದಾಳೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಈ ಪಾಠದಲ್ಲಿ ನನ್ನಿಂದ ಏನಾದರೂ ಸಹಾಯ ಆಗುತ್ತದಾ?
— ಗೃಹಿಣಿ, ಕೊಪ್ಪ

ಉತ್ತರ: ಖಂಡಿತ ಆಗುತ್ತದೆ ತಾಯಿ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಜಾತಿ ಗುರುತಿಸಲು ಐದು ಸೆಕೆಂಡಿಗಿಂತ ಹೆಚ್ಚು ಹೋಗಬಾರದು. ಮೊಬೈಲಿನಲ್ಲಿ ಜಿಯೋಜೀಬ್ರಾ ಎಂಬ ಉಚಿತ ಆಪ್ ಇದೆ, ಸಮೀಕರಣ ಒತ್ತಿದರೆ ಗೆರೆ ಬರೆದು ತೋರಿಸುತ್ತದೆ. ಆದರೆ ಅವಳು ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಒತ್ತಲಿ.

ಕೆಳಗಿನ ಆರನ್ನು ಚೀಟಿಯಲ್ಲಿ ಬರೆದುಕೊಂಡು, ನೀವು ದೋಸೆ ಹುಯ್ಯುವಾಗ ಒಂದೊಂದೇ ತೋರಿಸಿ. ಅವಳ ಕೈಯಲ್ಲಿ ಪೆನ್ನು ಇರಬಾರದು.

ಎಕ್ಸ್² + ವೈ² − 6ಎಕ್ಸ್ + 8ವೈ = 0
ವೈ² − 8ಎಕ್ಸ್ + 4ವೈ + 12 = 0
9ಎಕ್ಸ್² − 16ವೈ² − 144 = 0
25ಎಕ್ಸ್² + 16ವೈ² = 400
5ಎಕ್ಸ್² = 20 − 5ವೈ²
ಎಕ್ಸ್² + ವೈ² + 4ಎಕ್ಸ್ + 6ವೈ + 20 = 0

ಮೊದಲ ಐದಕ್ಕೆ ಉತ್ತರ ಕ್ರಮವಾಗಿ ಸರ್ಕಲ್, ಪ್ಯಾರಾಬೋಲ, ಹೈಪರ್ಬೋಲ, ಎಲಿಪ್ಸ್, ಸರ್ಕಲ್. ಆರನೆಯದಕ್ಕೂ ಅವಳು ‘ಸರ್ಕಲ್’ ಅಂದರೆ ತಕ್ಷಣ ತಪ್ಪು ಅನ್ನಬೇಡಿ. ಆಗ ಪೆನ್ನು ಕೊಟ್ಟು, ತ್ರಿಜ್ಯ ಎಷ್ಟು ಅಂತ ಕೇಳಿ. ಬಲಗಡೆ −7 ಬರುತ್ತದೆ.