ಹತ್ತು ದಿನ ಮೊದಲಿನ ಸ್ನೋ ನಂಬಬೇಡಿ

ಹವಾಮಾನದ ಆಪ್‌ನಲ್ಲಿ ಹತ್ತು ದಿನ ಮೊದಲು ಎಂಟು ಇಂಚು ಸ್ನೋ ತೋರಿಸುತ್ತದೆ, ಕೊನೆಗೆ ನ್ಯೂಯಾರ್ಕ್‌ನಲ್ಲಿ ಬರೀ ಮಳೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಸಂಕಟ ಗೊತ್ತು. 2022-23ರ ಚಳಿಗಾಲದಲ್ಲಿ ನಾನೂ ನಿದ್ದೆಗೆಟ್ಟು ಹವಾಮಾನದ ಮಾಡೆಲ್ (ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಮುನ್ಸೂಚನೆ) ನೋಡುತ್ತಾ ಕೂತಿದ್ದೆ. ನ್ಯೂಯಾರ್ಕ್ ನಗರದ ಸ್ನೋ ಅಳೆಯುವ ಸೆಂಟ್ರಲ್ ಪಾರ್ಕ್‌ನಲ್ಲಿ ಇಡೀ ಸೀಸನ್‌ಗೆ ಬಿದ್ದಿದ್ದು 2.3 ಇಂಚು! ಅಲ್ಲಿನ ದಾಖಲೆಯಲ್ಲೇ ಅತಿ ಕಡಿಮೆ.

ಚಳಿ ಒಂದಿದ್ದರೆ ಸಾಲದು. ಹಿಮ ಮೋಡದಿಂದ ನೆಲದವರೆಗೂ ಕರಗದೆ ಬರಬೇಕು ಅಲ್ವಾ? ಬಿರುಗಾಳಿ ಕರಾವಳಿಯಾಚೆ ಸಮುದ್ರದ ಮೇಲೆ ಹಾದರೆ ನಗರಕ್ಕೆ ಉತ್ತರದ ತಣ್ಣನೆ ಗಾಳಿ ಸಿಗುತ್ತದೆ. ಒಳನಾಡಿನಲ್ಲಿ ಹಾದರೆ ಅಟ್ಲಾಂಟಿಕ್‌ನ ಬೆಚ್ಚನೆ ಗಾಳಿ ನುಗ್ಗಿ ಎಲ್ಲ ನೀರು. ಐವತ್ತು ಮೈಲಿ ಆಚೀಚೆ ಆದರೂ ಕತೆ ಮುಗಿಯಿತು. ಅಷ್ಟು ನಿಖರವಾಗಿ ಹತ್ತು ದಿನ ಮೊದಲೇ ಹೇಳಲು ಯಾವ ಮಾಡೆಲ್‌ಗೂ ಆಗುವುದಿಲ್ಲ.

ಆ ಚಳಿಗಾಲದ ಡಿಸೆಂಬರ್‌ನಲ್ಲೇ, ಅದೇ ನ್ಯೂಯಾರ್ಕ್ ರಾಜ್ಯದ ಬಫಲೋ ನಗರ ಹಿಮದಲ್ಲಿ ಹೂತುಹೋಗಿತ್ತು. ಅಲ್ಲಿ ಜನ ಸತ್ತರು, ಹೊಟ್ಟೆಕಿಚ್ಚು ಪಡಬಾರದು. ಆದರೂ ಪಟ್ಟೆ.

ಇನ್ನು ಮೂರು ದಿನ ಇದೆ ಅನ್ನುವಾಗ ನೋಡಲು ಶುರು ಮಾಡಿ. ಒಂದೇ ನಕ್ಷೆ ನೋಡಿ ಸುಮ್ನೆ ಕುಣಿಯಬೇಡಿ, ನಾಲ್ಕಾರು ಮಾಡೆಲ್ ಒಂದೇ ಮಾತು ಹೇಳುತ್ತಿವೆಯಾ ನೋಡಿ. ನಾವು ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ದಿನ ಒಂದಿಂಚು ಸ್ನೋ ನೋಡಲು 2024ರ ಜನವರಿವರೆಗೆ ಕಾದೆವು, 701 ದಿನ!