ಗೇಟು ಮುಚ್ಚಿದ ಮೇಲೆ ಕಾಲ್ನಡಿಗೆಯವರು ಎಲ್ಲಿ ದಾಟಬೇಕು?

ಪ್ರಶ್ನೆ: ಹುಬ್ಬಳ್ಳಿ–ಹೊಸಪೇಟೆ ರೈಲು ಹಾದಿಯಲ್ಲಿ ನಮ್ಮ ಊರು. ಮೇಲ್ಸೇತುವೆ ಕಟ್ಟಿದ ಮೇಲೆ ಹಳೇ ಗೇಟನ್ನು ಕಾಯಂ ಮುಚ್ಚಿಬಿಟ್ಟರು. ಗಾಡಿ ಇರೋರಿಗೆ ಆರಾಮ. ಶಾಲೆ ಮಕ್ಕಳು, ಸಂತೆಗೆ ಹೋಗುವ ಹೆಂಗಸರು ಈಗಲೂ ಹಳಿ ದಾಟಿಯೇ ಹೋಗುತ್ತಾರೆ, ಗೂಡ್ಸ್ ಗಾಡಿ ನಿಂತಿದ್ದರೆ ಅದರ ಕೆಳಗೇ ನುಸುಳುತ್ತಾರೆ. ಬೈದರೂ ಕೇಳಲ್ಲ. ಗೂಡ್ಸ್ ಗಾಡಿಗಳನ್ನು ರಾತ್ರಿ ಮಾತ್ರ ಬಿಡಿ ಅಂತ ಅರ್ಜಿ ಕೊಡೋಣ ಅಂತಿದ್ದಾರೆ ಕೆಲವರು. ಉಪಯೋಗ ಆಗುತ್ತಾ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಆ ಅರ್ಜಿ ಕೊಡಬೇಡಿ, ಕಸದ ಬುಟ್ಟಿಗೆ ಹೋಗುತ್ತದೆ. ಗೋವಾದ ಮರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರುವುದು ನಿಮ್ಮ ಊರಿನ ಮೇಲೆಯೇ. ಕುಲೆಂ–ಕ್ಯಾಸಲ್ ರಾಕ್ ನಡುವಿನ ಘಾಟಿಯಲ್ಲಿ 37 ಅಡಿಗೆ 1 ಅಡಿ ಏರು ಇದೆ, ತುಂಬಿದ ಗಾಡಿಯನ್ನು ಹಿಂದಿನಿಂದಲೂ ಎಂಜಿನ್ ಹಾಕಿ ತಳ್ಳಿಯೇ ಹತ್ತಿಸಬೇಕು. ಅಲ್ಲಿಂದ ಯಾವ ಗಾಡಿ ಎಷ್ಟೊತ್ತಿಗೆ ಬಿಡುಗಡೆಯಾಗುತ್ತೋ ಆಗಲೇ ನಿಮ್ಮೂರು ದಾಟುತ್ತದೆ. ಕುಲುಮೆಯೂ ಹಗಲು ರಾತ್ರಿ ಉರಿಯುವಂಥದ್ದು. ಗೂಡ್ಸ್ ಗಾಡಿ ಇರುತ್ತದೆ ಅಂತಲೇ ಇಟ್ಟುಕೊಂಡು ದಾರಿ ಹುಡುಕಬೇಕು.

ನುಸುಳೋದನ್ನು ಮಾತ್ರ ಇವತ್ತೇ ನಿಲ್ಲಿಸಿ. ಯಾಕೆ ಅಂತ ಮಕ್ಕಳಿಗೆ ಬಿಡಿಸಿ ಹೇಳಿ, ಸುಮ್ನೆ ಬೈದರೆ ಆಗಲ್ಲ. ಸಾಮಾನ್ಯ ಗೂಡ್ಸ್ ಗಾಡಿಯೊಂದರಲ್ಲಿ 58ರಷ್ಟು ವ್ಯಾಗನ್ ಇರುತ್ತವೆ, ಉದ್ದ 650 ಮೀಟರಿನ ಆಸುಪಾಸು. ಹೊರಡುವಾಗ ಲೋಕೋ ಪೈಲಟ್‌ಗೆ ನಡುವೆ ಯಾರು ಕೂತಿದ್ದಾರೆ ಅಂತ ಕಾಣುವ ಮಾತೇ ಇಲ್ಲ. ವ್ಯಾಗನ್‌ಗಳ ನಡುವಿನ ಕೊಂಡಿಗಳಲ್ಲಿ ಸ್ವಲ್ಪ ಸ್ವಲ್ಪ ಸಡಿಲು ಇರುತ್ತದೆ, ಎಂಜಿನ್ ಎಳೆದಾಗ ಮುಂದಿನ ವ್ಯಾಗನ್ ಮೊದಲು, ಆಮೇಲೆ ಅದರ ಹಿಂದಿನದು ಹೀಗೆ ಒಂದೊಂದಾಗಿ ಜಗ್ಗುತ್ತಾ ಬರುತ್ತವೆ. ಎಂಜಿನ್ ದೂರ ಇದ್ದಷ್ಟೂ ಅದರ ಸದ್ದು ಇಲ್ಲಿಗೆ ಕೇಳಲ್ಲ. ಆದರೆ ಗಾಲಿ ತಟ್ಟನೆ ಉರುಳುತ್ತದೆ. ಮೇಲೆ ಹತ್ತಿ ದಾಟೋದು ಇನ್ನೂ ಕೆಟ್ಟದ್ದು. ತಂತಿಯಲ್ಲಿ 25,000 ವೋಲ್ಟ್ ಇದೆ, ಮುಟ್ಟೋದೇ ಬೇಡ, ಹತ್ತಿರ ಹೋದರೇ ಸಾಕು.

ಹಳಿ ದಾಟಿದವರಿಗೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ದಂಡ, ಜೈಲು ಎರಡೂ ಆಗಬಹುದು. ಹಾಗಂತ ಬೋರ್ಡು ಹಾಕಿದರೆ ಜನ ನಿಲ್ತಾರಾ?

ಅವರ ಕಡೆಯಿಂದಲೂ ನೋಡಿ. ಲಾರಿ ಹತ್ತಬೇಕೆಂದು ಮೇಲ್ಸೇತುವೆಯನ್ನು 30 ಅಡಿಗೆ 1 ಅಡಿಯಷ್ಟು ಇಳಿಜಾರಲ್ಲಿ ಕಟ್ಟುತ್ತಾರೆ. ತಂತಿಯ ಮೇಲೆ ಹಾಯಲು 8 ಮೀಟರ್ ಏರಬೇಕಾದರೆ ಒಂದು ಬದಿಗೇ 240 ಮೀಟರ್ ಆಯಿತು. ಆಚೆ ಬದಿ ಸೇರಿ ಅರ್ಧ ಕಿಲೋಮೀಟರ್. ತಲೆ ಮೇಲೆ ಬುಟ್ಟಿ ಹೊತ್ತವರು ಇಪ್ಪತ್ತು ಹೆಜ್ಜೆಯ ದಾರಿ ಬಿಟ್ಟು ಬಿಸಿಲಲ್ಲಿ ಅದನ್ನು ಸುತ್ತಿ ಬರಬೇಕಂತೆ!

ಇದರ ಬೇರು ಲೆಕ್ಕದಲ್ಲೇ ಇದೆ. ಯಾವ ಗೇಟಿಗೆ ಮೇಲ್ಸೇತುವೆ ಬೇಕು ಅಂತ ತೀರ್ಮಾನಿಸಲು ರೈಲ್ವೆಯವರು ಬಹಳ ಕಾಲದಿಂದ ಟಿವಿಯು ಅನ್ನೋ ಅಳತೆ ನೋಡುತ್ತಾರೆ: ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಅವೆರಡರ ಗುಣಲಬ್ಧ. ಅದು 1 ಲಕ್ಷ ದಾಟಿದರೆ ಸೇತುವೆ. ಎತ್ತಿನ ಗಾಡಿ ಒಂದು ಅಂತ ಲೆಕ್ಕ, ಆಟೋ ಅರ್ಧ. ನಡೆದು ಹೋಗುವ ಮನುಷ್ಯನಿಗೆ ಅದರಲ್ಲಿ ಜಾಗವೇ ಇಲ್ಲ. ಹೀಗಾಗಿ ಸೇತುವೆ ವಾಹನದ್ದಾಯಿತು, ಗೇಟು ಹೋಯಿತು, ಕಾಲ್ನಡಿಗೆಯವರ ಬಗ್ಗೆ ಯಾರೂ ಯೋಚಿಸಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ಹಾಗಾಗಿ ನಿಮ್ಮ ಅರ್ಜಿಯಲ್ಲಿ ನಡೆಯುವವರಿಗಾಗಿಯೇ ಹಳಿಯ ಕೆಳಗೆ ಒಂದು ದಾರಿ ಕೇಳಿ, ಹಳೇ ಗೇಟಿದ್ದ ಜಾಗದಲ್ಲೇ. ಮೆಟ್ಟಿಲಿನ ಮೇಲ್ಸೇತುವೆ ಕೊಡ್ತೀವಿ ಅಂದರೆ ಸುಲಭಕ್ಕೆ ಒಪ್ಪಬೇಡಿ. ವಿದ್ಯುತ್ ತಂತಿಯ ಮೇಲೆ ಹೋಗಲು ನಲವತ್ತಕ್ಕೂ ಜಾಸ್ತಿ ಮೆಟ್ಟಿಲು ಹತ್ತಬೇಕು, ಅಷ್ಟೇ ಇಳಿಯಬೇಕು, ಮಂಡಿ ನೋವಿನವರು ಮತ್ತೆ ಹಳಿಗೇ ಇಳಿಯುತ್ತಾರೆ. ಕೆಳಗಾದರೆ ಮನುಷ್ಯನ ಎತ್ತರಕ್ಕೆ ಬೇಕಾದಷ್ಟು ಅಗೆದರೆ ಸಾಕು, ಏರಿಳಿತ ಸುಮಾರು ಅರ್ಧ. ಸೈಕಲ್, ಗಾಲಿಕುರ್ಚಿಗೆ 12 ಅಡಿಗೆ 1 ಅಡಿ ಇಳಿಜಾರಿನ ರ‍್ಯಾಂಪ್ ಇರಲಿ. ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಹಳಿಯ ಕೆಳಗೆ ಜಾಕ್‌ನಿಂದ ತಳ್ಳುವ ವಿಧಾನವಿದೆ. ಆಗ ಗಾಡಿಗಳು ನಿಧಾನವಾಗಿ ಓಡುತ್ತಲೇ ಇರುತ್ತವೆ, ಕಲ್ಲಿದ್ದಲಿಗೆ ತಡೆಯಾಗುತ್ತೆ ಅನ್ನೋ ಮಾತೂ ಬರಲ್ಲ.

ಅರ್ಜಿಯ ಜೊತೆ ಲೆಕ್ಕ ಇಡಿ. ಕಾಲೇಜು ಹುಡುಗರನ್ನು ಒಂದು ವಾರ ಬೆಳಿಗ್ಗೆ ಸಂಜೆ ಹಳಿಯಿಂದ ದೂರದಲ್ಲಿ ಕೂರಿಸಿ, ಗಂಟೆಗೆ ಎಷ್ಟು ಜನ ದಾಟಿದರು, ಅದರಲ್ಲಿ ಮಕ್ಕಳೆಷ್ಟು ಅಂತ ಬರೆಸಿ. ಒಂದು ಪ್ರತಿ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಸಂಸದರಿಗೆ. ದುಡ್ಡಿಲ್ಲ ಅಂದರೆ ಡಿಪಾಸಿಟ್ ವರ್ಕ್ ಅಂತ ಒಂದು ದಾರಿ ಇದೆ, ಪುರಸಭೆ ಅಥವಾ ರಾಜ್ಯ ಸರ್ಕಾರ ಹಣ ಕಟ್ಟಿದರೆ ರೈಲ್ವೆಯವರೇ ಕಟ್ಟಿಕೊಡುತ್ತಾರೆ.

ನಕ್ಷೆ ನಿಮ್ಮ ಕೈಗೆ ಬಂದಾಗ ಟೈಲ್ಸು, ಬಣ್ಣ ನೋಡುತ್ತಾ ಕೂರಬೇಡಿ. ಮಳೆ ನೀರು ತಾನಾಗೇ ಹರಿದು ಯಾವ ಚರಂಡಿ ಸೇರುತ್ತೆ ಅಂತ ಕೇಳಿ. ಪಂಪು ಇಡ್ತೀವಿ ಅಂದರೆ ಅದನ್ನು ಓಡಿಸೋರು ಯಾರು, ಕರೆಂಟ್ ಬಿಲ್ ಯಾರದು ಅನ್ನೋದನ್ನು ಬರವಣಿಗೆಯಲ್ಲೇ ತಗೊಳ್ಳಿ.